ಕೆಳಗೆ ಬರಲೊಲ್ಲದ ಚೆಂಡು

ಬುಗುರಿ ಮೇಲಕ್ಕೆ ಎಸೆದ ಚೆಂಡು ಕೆಳಗೆ ಬರಲಿಲ್ಲ. ಪ್ರಪಂಚದಲ್ಲಿ ಇಲ್ಲಿಯವರೆಗೆ ಮೇಲೆ ಹೋದ ಚೆಂಡುಗಳೆಲ್ಲ ತೆಪ್ಪಗೆ ಕೆಳಗೆ ಬಂದಿವೆ. ಇವಳದು ಮಾತ್ರ ಹೋಯಿತು ಎಂದರೆ ಹೋಯಿತು. ನಾಲ್ಕೇ ಸೆಕೆಂಡಿನಲ್ಲಿ ಆರು ಸಾವಿರದ ನಾನೂರು ಮೀಟರ್ ಏರಿ, ಮೋಡಗಳನ್ನು ಹರಿದು, ದಾರಿಯಲ್ಲಿ ಸಿಕ್ಕ ಹದ್ದುಗಳಿಂದ ಬೈಸಿಕೊಂಡು, ನಕ್ಷತ್ರಗಳ ಕಡೆ ಮುಖ ಮಾಡಿತು. ಇದೆಲ್ಲ ನಡೆದದ್ದು ಶಾಲೆಯವರು ಕೊಟ್ಟ ಗ್ರಾಫ್ ಬರೆಯುವ ಕ್ಯಾಲ್ಕುಲೇಟರಿನ ಬೂದು ಬಣ್ಣದ ಸ್ಕ್ರೀನಿನ ಮೇಲೆ. ಅದರ ಅಗಲ ಮೂರು ಬೆರಳು.

ಬುಗುರಿಗೆ ಆಗ ಹದಿನಾರು ವರ್ಷ. ಕೂತಲ್ಲಿ ಕೂರದವಳಾದ್ದರಿಂದ ಆ ಹೆಸರು. ಒಮ್ಮೆ ಗಣಿತದ ಪರೀಕ್ಷೆಯನ್ನು ಬೆಂಚಿನ ಸುತ್ತ ಮೂರು ಮೈಲಿ ನಡೆಯುತ್ತ ಬರೆದಳಂತೆ. ನೋಡಿದವರು ಕಡಿಮೆ ಹೇಳುತ್ತಾರೆ, ನಾಲ್ಕು ಮೈಲಿಗೆ ಮೋಸವಿಲ್ಲ. ಅಂಥವಳು ಒಂದೇ ಒಂದು ಕಡೆ ಮಾತ್ರ ಮಿಸುಕದೆ ಕೂರುತ್ತಿದ್ದಳು. ಅದು ಭೌತಶಾಸ್ತ್ರದ ಪ್ರಯೋಗಾಲಯ. ಅಲ್ಲಿನ ವಿಶೇಷ ತರಗತಿಯಲ್ಲಿ ಹನ್ನೆರಡು ಮಕ್ಕಳು, ಹನ್ನೆರಡು ಕ್ಯಾಲ್ಕುಲೇಟರು. ಮೂರು ಸಲ ಹೋಂವರ್ಕ್ ತಪ್ಪಿದವರು ಆ ತರಗತಿ ಬಿಟ್ಟು ಪಕ್ಕದ ಕೋಣೆಗೆ ಹೋಗಬೇಕು. ಪಕ್ಕದ ಕೋಣೆಯಲ್ಲಿ ತಂತಿಯಿಲ್ಲ, ಮಸೂರವಿಲ್ಲ, ತೂಕದ ಗುಂಡುಗಳಿಲ್ಲ. ಪುಸ್ತಕ ತೆಗೆದು ಗಟ್ಟಿಯಾಗಿ ಓದುವುದಷ್ಟೆ.

ಬುಗುರಿ ಆಗಲೇ ಎರಡು ಸಲ ತಪ್ಪಿದ್ದಳು. ಮೊದಲನೆಯ ಸಲ ಗ್ರಾಫನ್ನು ಕೈಯಲ್ಲೇ ಬರೆದು, ನೋಡಲು ಚೆನ್ನಾಗಿರಲೆಂದು ಅದರ ಹಿಂದೆ ಒಬ್ಬ ಸೂರ್ಯನನ್ನೂ ಕೂರಿಸಿದ್ದಳು. ಎರಡನೆಯದು ಈ ಚೆಂಡು. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆದ ಚೆಂಡು ಎಷ್ಟು ಎತ್ತರ ಹೋಗುತ್ತದೆ, ಯಾವಾಗ ಹಿಂದಿರುಗುತ್ತದೆ, ಗ್ರಾಫ್ ಬರೆದು ತೋರಿಸಿ ಎಂಬುದು ಪ್ರಶ್ನೆ. ಕ್ಯಾಲ್ಕುಲೇಟರು ಹೇಳಿದ್ದನ್ನು ಇವಳು ಪ್ರಾಮಾಣಿಕವಾಗಿ ಬರೆದಳು: 'ಚೆಂಡು ಹಿಂದಿರುಗುವುದಿಲ್ಲ.' ಅದರ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದರು: 'ಹಾಗಾದರೆ ಹುಡುಕಿಕೊಂಡು ಬಾ.'

ಅವರು ಲೋಲಕ ಮೇಷ್ಟ್ರು. ಎತ್ತರದ ಆಳು, ಕಾರಿಡಾರಿನಲ್ಲಿ ನಡೆದರೆ ಎರಡೂ ಕಡೆಯ ಗೋಡೆಗೆ ಭುಜ ತಾಗುತ್ತಿತ್ತು, ಮೈ ದಪ್ಪದಿಂದಲ್ಲ, ತೂಗಾಟದಿಂದ.

"ಸರ್, ಇದರ ಮೈನಸ್ ಗುಂಡಿ ಕೆಲಸ ಮಾಡ್ತಿಲ್ಲ," ಎಂದು ಬುಗುರಿ ಹೇಳಿದ್ದಳು. "ಇಪ್ಪತ್ತು ಎಕ್ಸ್ ಮೈನಸ್ ಐದು ಎಕ್ಸ್ ವರ್ಗ ಅಂತ ಒತ್ತಿದ್ರೆ ಮಧ್ಯದ ಚಿಹ್ನೇನೇ ಬೀಳಲ್ಲ. ಮಧ್ಯ ಏನೂ ಇಲ್ದಿದ್ರೆ ಈ ದರಿದ್ರದ್ದು ಎರಡನ್ನೂ ಗುಣಿಸಿಬಿಡತ್ತೆ."

ಮೇಷ್ಟ್ರು ತೆಗೆದುಕೊಂಡು ಒತ್ತಿದರು. ಮೈನಸ್ ಚಿಹ್ನೆ ಮದುವೆ ಗಂಡಿನ ಹಾಗೆ ಠೀವಿಯಿಂದ ಬಂದು ನಿಂತಿತು. ಕೆಟ್ಟ ಯಂತ್ರಗಳೆಲ್ಲ ಹೀಗೇ. ದೊಡ್ಡವರನ್ನು ಕಂಡರೆ ಸಾಕು, ಎಲ್ಲಿಲ್ಲದ ಸಭ್ಯತೆ ಬಂದುಬಿಡುತ್ತದೆ.

"ಯಂತ್ರದ ತಲೆ ಮೇಲೆ ತಪ್ಪು ಹೊರಿಸ್ಬೇಡ ಕಣಮ್ಮಾ," ಎಂದರು ಮೇಷ್ಟ್ರು. "ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ. ಗ್ರಾಫ್ ಈ ಸ್ಕ್ರೀನ್ ಮೇಲೇ ಕಾಣಬೇಕು. ಚೆಂಡು ಕೆಳಗೆ ಬಂದಿರ್ಬೇಕು. ಇಲ್ದಿದ್ರೆ ಪಕ್ಕದ ಕೋಣೇಲಿ ಬೆಂಚು ಖಾಲಿ ಇದೆ."

ಶನಿವಾರ ಬೆಳಿಗ್ಗೆ ಏಳಕ್ಕೆ ಬುಗುರಿ ಗುಂಡಿ ಒತ್ತಲು ಕೂತಳು. ಐದು ಸಲ ಒತ್ತಿದರೆ ಒಂದು ಸಲ ಬೀಳುತ್ತಿದ್ದ ಚಿಹ್ನೆ, ಎಂಟು ಗಂಟೆಯ ಹೊತ್ತಿಗೆ ಹತ್ತು ಸಲಕ್ಕೆ ಒಂದಾಯಿತು. ಹೆಬ್ಬೆರಳು ಊದಿ ಬದನೆಕಾಯಿಯಾಯಿತು. ಅಮ್ಮ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಇದ್ದವರಲ್ಲಿ ಯಂತ್ರ ಬಲ್ಲವನು ಅಪ್ಪ.

ಅಪ್ಪನ ಕಸುಬು ಫ್ರಿಜ್ ರಿಪೇರಿ. ಅವನ ಮಾತನ್ನೇ ನಂಬುವುದಾದರೆ ಅವನು ಕೈಯಾಡಿಸಿದ ಫ್ರಿಜ್ಜಿನೊಳಗೆ ಹಿಮಕರಡಿಯನ್ನು ಕೂರಿಸಿದರೆ ಅದು ಕಂಬಳಿ ಕೇಳುತ್ತದೆ. ಕ್ಯಾಲ್ಕುಲೇಟರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ವೈದ್ಯರ ಹಾಗೆ ಹುಬ್ಬು ಗಂಟಿಕ್ಕಿದ.

"ಗ್ಯಾಸ್ ಖಾಲಿಯಾಗಿರ್ಬೇಕು."

"ಅಪ್ಪಾ!"

"ತಮಾಷೆ ಕಣೇ. ತಾ ಇಲ್ಲಿ, ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸ ಎಂದು ಅಪ್ಪ ಹೇಳಿದರೆ ಮನೆಯವರೆಲ್ಲ ಊಟ ಮುಗಿಸಿ ಮಲಗಿ ಎದ್ದು ಬರುವ ರೂಢಿಯಿತ್ತು. ಆದರೆ ಅವತ್ತು ಅವನ ಕೈ ನಿಜಕ್ಕೂ ಚುರುಕಾಗಿ ಓಡಿತು. ಆರು ಸ್ಕ್ರೂ ಬಿಚ್ಚಿ ಹಿಂಬದಿ ತೆಗೆದ. ಗುಂಡಿಗಳ ಅಡಿಯಲ್ಲಿ ರಬ್ಬರಿನ ಹಾಳೆ. ಪ್ರತಿ ಗುಂಡಿಯ ಕೆಳಗೂ ಒಂದು ಕಪ್ಪು ಚುಕ್ಕೆ. ಮೈನಸ್ಸಿನ ಚುಕ್ಕೆ ಸವೆದು ಬೆಳ್ಳಗಾಗಿತ್ತು.

"ನೋಡಿದ್ಯಾ? ಈ ಕಪ್ಪು ಇದ್ರೆ ತಾನೆ ಕರೆಂಟು ಹರಿಯೋದು? ಯಾರೋ ಹತ್ತು ವರ್ಷ ಬರೀ ಕಳೆದಿದಾರೆ. ಕೂಡಿದವನು ಒಬ್ಬನೂ ಇಲ್ಲ. ಪ್ಲಸ್ ನೋಡು, ಹೊಸಾದರ ಹಾಗಿದೆ."

ಪೆನ್ಸಿಲ್ ಕೆತ್ತಿ, ಸೀಸದ ಪುಡಿಯನ್ನು ಚುಕ್ಕೆಗೆ ಉಜ್ಜಿದ. ಒತ್ತಿದರೆ ಚಿಹ್ನೆ ಬಿತ್ತು. ಮತ್ತೆ ಒತ್ತಿದರೆ ಮತ್ತೆ ಬಿತ್ತು. ಬುಗುರಿ ಕುರ್ಚಿಯ ಮೇಲೆ ನಿಂತು ಕುಣಿದಳು. ಮೂರನೆಯ ಸಲ ಬೀಳಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಅಪ್ಪ ಅಪ್ಪನಾಗಿರುತ್ತಿರಲಿಲ್ಲ. "ಕೆಳಗಡೆ ಜಿಡ್ಡು ಕೂತಿದೆ, ಒಂದು ಚೂರು ಕೆರೀತೀನಿ," ಎಂದು ಸ್ಕ್ರೂಡ್ರೈವರ್ ಇಳಿಸಿದ. ಫ್ರಿಜ್ಜಿನ ಬಾಗಿಲನ್ನೇ ಕಿತ್ತು ಹೆಗಲ ಮೇಲೆ ಹೊರುವ ಕೈ ಅದು. ಟಿಕ್ ಎಂದು ಒಂದು ಸದ್ದು. ಕೂದಲಿಗಿಂತ ಸಪೂರದ ತಾಮ್ರದ ಗೆರೆಯೊಂದು ಕಡಿದು, ಎರಡು ತುದಿಗಳೂ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಕಡೆ ನೋಡುತ್ತ ನಿಂತವು.

ಅಪ್ಪ ಕ್ಯಾಲ್ಕುಲೇಟರನ್ನು ಮುಚ್ಚಿ ಐದು ಸ್ಕ್ರೂ ಹಾಕಿದ. ಆರನೆಯದನ್ನು ಜೇಬಿಗೆ ಹಾಕಿಕೊಂಡ.

"ಈಗ ಒಂದು ವಿಷಯ ಅಂತೂ ಖಚಿತ ಆಯ್ತು," ಎಂದ ಮೆಲ್ಲಗೆ. "ಮೊದಲು ಬೀಳತ್ತೋ ಬೀಳಲ್ವೋ ಅಂತ ಅನುಮಾನ ಇತ್ತು. ಇನ್ಮೇಲೆ ಆ ಅನುಮಾನ ಇಲ್ಲ."

ಗಂಟೆ ಒಂಬತ್ತೂವರೆ. ಇನ್ನು ಎರಡೂವರೆ ಗಂಟೆ ಕಳೆದರೆ ಬುಗುರಿ ಪಕ್ಕದ ಕೋಣೆಯಲ್ಲಿ 'ಬಲ ಎಂದರೇನು' ಎಂದು ಗಟ್ಟಿಯಾಗಿ ಓದುತ್ತ ಕೂರಬೇಕು. ಗೋಡೆಯ ಆಚೆ ಹನ್ನೊಂದು ಜನ ಬಲವನ್ನು ಕೈಯಲ್ಲಿ ಹಿಡಿದು ಆಡುತ್ತಿರುತ್ತಾರೆ. ಮುಖ ಊದಿಸಿಕೊಂಡು ನಡುಮನೆಗೆ ಹೋಗಿ, ಕಂಡ ಮೊದಲ ಮೆತ್ತನೆಯ ಜಾಗದ ಮೇಲೆ ಧೊಪ್ಪನೆ ಬಿದ್ದಳು.

"ಏಳೇ ಮೇಲೆ!" ಎಂದು ಆ ಮೆತ್ತನೆಯ ಜಾಗದ ಆಚೆಯಿಂದ ಗುಡುಗು ಕೇಳಿತು. "ಸಭಾಂಗಣದ ಪರದೆ ಅದು! ನಿನ್ನ ಹಾಸಿಗೆ ಅಂದ್ಕೊಂಡ್ಯಾ?"

ಗುಡುಗಿದವಳು ಅಜ್ಜಿ, ಅಪ್ಪನ ಅಮ್ಮ. ಪರದೆ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರು ಹುಟ್ಟಿಲ್ಲ. ಹುಟ್ಟಿದ್ದರೂ ಅವಳ ಹೊಲಿಗೆ ನೋಡಿ ಬೇರೆ ಕಸುಬು ಹಿಡಿದಿದ್ದಾರೆ. ಅವಳು ಹೊಲಿದ ಪರದೆಯನ್ನು ಒಮ್ಮೆ ಎಳೆದರೆ ನೆರಿಗೆಗಳು ಕವಾಯತಿನ ಸಿಪಾಯಿಗಳ ಹಾಗೆ ಸಾಲುಗಟ್ಟುತ್ತಿದ್ದವು. ಅವತ್ತು ಹದಿನೆಂಟು ಮೀಟರಿನ ಕಡುನೀಲಿ ಬಟ್ಟೆ ನಡುಮನೆ ತುಂಬಿ, ಬಾಗಿಲು ದಾಟಿ, ಅಡುಗೆಮನೆಯ ಹೊಸ್ತಿಲಲ್ಲಿ ಅಲೆಯ ಹಾಗೆ ನಿಂತಿತ್ತು. ಅದರ ನಡುವೆ ಅಜ್ಜಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ದ್ವೀಪದ ರಾಣಿಯಂತೆ ಕೂತಿದ್ದಳು. ಸೂಜಿ ಕಚ್ಚಿಕೊಂಡೇ ಬೈಯಬಲ್ಲಳು. ಒಂದೂ ಬೀಳುತ್ತಿರಲಿಲ್ಲ.

"ಯಾಕೆ ಮೂಗು ಕೆಂಪಾಗಿದೆ?"

"ನಿನ್ನ ಮಗ ನನ್ನ ಮೈನಸ್ಸನ್ನ ಕೊಂದುಹಾಕ್ದ."

"ಅವನ ಕೈಗೆ ಯಾಕೆ ಕೊಟ್ಟೆ? ಐದನೇ ವಯಸ್ಸಲ್ಲಿ ನನ್ನ ಹೊಲಿಗೆ ಮಿಷನ್ನು ರಿಪೇರಿ ಮಾಡಿದ್ದ. ಆಮೇಲೆ ಅದು ಎರಡು ವರ್ಷ ಹಿಂದಕ್ಕೇ ಹೊಲೀತಿತ್ತು."

"ಅಮ್ಮಾ, ಕೇಳಿಸ್ತಿದೆ ನಂಗೆ," ಎಂದ ಅಪ್ಪ ಆಚೆಯಿಂದ.

"ಕೇಳಿಸ್ಲಿ ಅಂತಲೇ ಹೇಳಿದ್ದು. ಏನು ಲೆಕ್ಕ ಅದು, ಹೇಳು."

ಬುಗುರಿ ಹೇಳಿದಳು. ಅಜ್ಜಿಗೆ ಭೌತಶಾಸ್ತ್ರ ಬಾರದು. ಆದರೆ ಯಾರಾದರೂ ಅಳತೆ ಎಂದರೆ ಸಾಕು, ಅವಳ ಕಿವಿ ನಾಯಿಯದರ ಹಾಗೆ ನೆಟ್ಟಗಾಗುತ್ತಿತ್ತು.

"ಚೆಂಡಿನ ಎತ್ತರ ಎಲ್ಲಿಂದ ಅಳೀತಿದೀಯ?"

"ನೆಲದಿಂದ ಅಜ್ಜಿ. ಇನ್ನೆಲ್ಲಿಂದ?"

ಅಜ್ಜಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಇದು ವಿಷಯ ಗಂಭೀರವೆಂಬುದರ ಗುರುತು. ಮಗನ ಮದುವೆ ಮಾತುಕತೆಯಲ್ಲಿ ಕೂಡ ಅವಳು ಸೂಜಿ ತೆಗೆದಿರಲಿಲ್ಲ.

"ನೆಲದಿಂದ ಯಾರಾದ್ರೂ ಅಳೀತಾರಾ, ಹುಚ್ಚೀ? ಐವತ್ತು ವರ್ಷದಲ್ಲಿ ಸಮ ಇರೋ ನೆಲ ನಾನೊಂದೂ ನೋಡಿಲ್ಲ. ನೆಲ ಸುಳ್ಳು ಹೇಳತ್ತೆ. ಪರದೆ ಅಳೆಯೋದು ಮೇಲಿನ ಕಂಬಿಯಿಂದ. ಕೊಕ್ಕೆ ಎಲ್ಲಿದೆಯೋ ಅದು ಸೊನ್ನೆ. ಅಲ್ಲಿಂದ ಇಳೀತಾ ಬಾ. ಇಳಿದಷ್ಟೂ ಉದ್ದ ಜಾಸ್ತಿ ಆಗತ್ತೆ. ಅದ್ರಲ್ಲಿ ಕಳೆಯೋ ಮಾತು ಎಲ್ಲಿ ಬಂತು? ನಿನ್ನ ಚೆಂಡು ಎಲ್ಲಿ ಹೋಗಿ ನಿಲ್ಲತ್ತೆ?"

"ತುದೀಲಿ. ಒಂದು ಕ್ಷಣ ನಿಂತು ಆಮೇಲೆ ಇಳಿಯತ್ತೆ."

"ಅಲ್ಲಿ ಕೊಕ್ಕೆ ಹಾಕು."

ಬುಗುರಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಒಂದು ನೊಣ ಒಳಗೆ ಹೋಗಿ, ಅಲ್ಲೆಲ್ಲ ನೋಡಿಕೊಂಡು ಹೊರಗೆ ಬರುವಷ್ಟು ಹೊತ್ತು. ತುದಿಯಲ್ಲಿ ಚೆಂಡು ನಿಂತಿರುತ್ತದೆ. ಅಂದರೆ ಅಲ್ಲಿ ವೇಗ ಸೊನ್ನೆ. ಗಡಿಯಾರವನ್ನೂ ಅಲ್ಲಿಂದಲೇ ಶುರು ಮಾಡಿದರೆ? ಎಸೆದ ವೇಗದ ಮಾತೇ ಬರುವುದಿಲ್ಲ. ಕೊಕ್ಕೆಯಿಂದ ಕೆಳಗೆ ಬಿದ್ದ ದೂರ ಅಷ್ಟೆ: ಐದು ಗುಣಿಸು ಕಾಲದ ವರ್ಗ. ಐದು, ಎಕ್ಸು, ವರ್ಗ. ಮೂರೇ ಗುಂಡಿ! ಮೈನಸ್ಸಿನ ಸುಳಿವೂ ಇಲ್ಲ!

"ಆದ್ರೆ ಮೇಲೆ ಹೋಗೋ ಅರ್ಧ?" ಎಂದು ಅವಳು ತನಗೆ ತಾನೇ ಕೇಳಿಕೊಂಡು ಬಟ್ಟೆಯ ಅಂಚಿನುದ್ದಕ್ಕೂ ಓಡತೊಡಗಿದಳು. "ಅದು ಕೊಕ್ಕೆ ಮುಟ್ಟೋಕೆ ಮೊದಲು. ಅಂದ್ರೆ ಸೊನ್ನೆಯಿಂದ ಎಡಗಡೆ. ಎಡಗಡೆ ಮೈನಸ್ ಹತ್ತರವರೆಗೆ ಯಂತ್ರ ತಾನಾಗೇ ತೋರಿಸತ್ತೆ, ನಾನು ಮೈನಸ್ ಒತ್ತೋದೇ ಬೇಡ! ಸೆಕೆಂಡಿಗೆ ಹತ್ತು ಹತ್ತು ವೇಗ ಕಮ್ಮಿ ಆಗತ್ತೆ, ಇಪ್ಪತ್ತಿದ್ರೆ ಎರಡು ಸೆಕೆಂಡು. ಐದು ನಾಕಲಿ ಇಪ್ಪತ್ತು. ಇಪ್ಪತ್ತು ಮೀಟರ್ ಕೆಳಗೆ ನೆಲ! ಅಜ್ಜೀ!"

"ಬಟ್ಟೆ ತುಳೀಬೇಡ್ವೇ!"

ಸ್ಕ್ರೀನಿನ ತಳದ ಅಂಚನ್ನು ಸೊನ್ನೆಗೂ ಮೇಲಿನ ಅಂಚನ್ನು ಇಪ್ಪತ್ತಕ್ಕೂ ಕಟ್ಟಿ, ಉಸಿರು ಬಿಗಿಹಿಡಿದು ಗ್ರಾಫ್ ಗುಂಡಿ ಒತ್ತಿದಳು. ಯಂತ್ರ ಒಂದಿಷ್ಟು ಹೊತ್ತು ಯೋಚಿಸಿತು. ಆಮೇಲೆ ಎಡಗಡೆ ಮೇಲಿನಿಂದ ಒಂದು ಗೆರೆ ಜಾರಿ ತಳ ಮುಟ್ಟಿ, ಬಲಗಡೆ ಏರಿತು. ಉದ್ದನೆಯ ಲೋಟದ ಹಾಗೆ.

ಬುಗುರಿಯ ಮುಖ ಮತ್ತೆ ಜೋತುಬಿತ್ತು. "ಇದು ಕೆಳಗೆ ಹೋಗಿ ಮೇಲೆ ಬರೋ ಚೆಂಡು. ಬಾವಿಗೆ ಬಿದ್ದದ್ದರ ಹಾಗಿದೆ."

"ಕೊಡಿಲ್ಲಿ." ಅಜ್ಜಿ ಕ್ಯಾಲ್ಕುಲೇಟರನ್ನು ಕಸಿದುಕೊಂಡು, ಗಿರ್ರನೆ ತಿರುಗಿಸಿ, ತಲೆಕೆಳಗಾಗಿ ಅವಳ ಮುಂದೆ ಹಿಡಿದಳು. "ಹೊಲಿಯೋವಾಗ ಪರದೆ ಯಾವಾಗ್ಲೂ ನನ್ನ ಮಡಿಲಲ್ಲಿ ತಲೆಕೆಳಗೇ ಇರತ್ತೆ. ನೇತುಹಾಕೋವಾಗ ತಿರುಗಿಸ್ತೀವಿ. ಅದಕ್ಕೂ ಅಳೋದಾ?"

ಅಲ್ಲಿ, ಆ ಬೂದು ಸ್ಕ್ರೀನಿನ ಮೇಲೆ, ಚೆಂಡು ನೆಲ ಬಿಟ್ಟು ಏರಿ, ಇಪ್ಪತ್ತು ಮೀಟರಿನ ತುದಿಯಲ್ಲಿ ಒಂದು ಕ್ಷಣ ನಿಂತು, ಜಾಣಮಗುವಿನಂತೆ ಕೆಳಗೆ ಬಂತು. ಬುಗುರಿ ಹಾಕಿದ ಕೇಕೆಗೆ ಮೂರು ಬೀದಿ ಆಚೆಯ ಪಾರಿವಾಳಗಳು ಎದ್ದು ಹಾರಿದವು. ಅವುಗಳಲ್ಲಿ ಕೆಲವು ಇನ್ನೂ ಇಳಿದಿಲ್ಲ.

ಅಪ್ಪ ಪ್ರಾಯಶ್ಚಿತ್ತವೆಂಬಂತೆ ಫ್ರಿಜ್ ಸಾಗಿಸುವ ವ್ಯಾನನ್ನು ಗಾಳಿಯ ಹಾಗೆ ಓಡಿಸಿದ. ಹಿಂದಿದ್ದ ಎರಡು ಫ್ರಿಜ್ಜುಗಳು ಪ್ರತಿ ತಿರುವಿನಲ್ಲೂ ಒಂದಕ್ಕೊಂದು ಭುಜ ತಾಗಿಸಿ ಮಾತಾಡಿಕೊಂಡವು. ಬುಗುರಿ ಪ್ರಯೋಗಾಲಯದ ಬಾಗಿಲು ತಳ್ಳಿದಾಗ ಹನ್ನೆರಡಕ್ಕೆ ಎಂಟು ನಿಮಿಷ. ಲೋಲಕ ಮೇಷ್ಟ್ರು ತಾಮ್ರದ ತಂತಿಯನ್ನು ಉರುಳೆಗೆ ಸುತ್ತುತ್ತಿದ್ದರು.

"ಚೆಂಡು ಸಿಕ್ತಾ?"

"ಸಿಕ್ತು ಸರ್." ಅವಳು ಕ್ಯಾಲ್ಕುಲೇಟರನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟಳು.

ಮೇಷ್ಟ್ರು ಗ್ರಾಫ್ ನೋಡಿದರು. ಆಮೇಲೆ ಅಂಕಿಗಳನ್ನು ಓದಲು ಕತ್ತು ಬಗ್ಗಿಸಿದರು, ಸಾಲದೆ ಸೊಂಟ ಬಗ್ಗಿಸಿದರು, ಕಡೆಗೆ ಮೇಜಿನ ಆಚೆ ಹೋಗಿ ನಿಂತು ಓದಿದರು. "ಇದೇನು? ಐದು ಎಕ್ಸ್ ವರ್ಗ ಅಷ್ಟೇ ಇದೆ. ಇಪ್ಪತ್ತು ಎಲ್ಲಿ? ಮೈನಸ್ ಎಲ್ಲಿ?"

ಬುಗುರಿ ಕೊಕ್ಕೆಯ ಕಥೆ ಹೇಳಿದಳು. ಗುಂಡಿ ಸತ್ತದ್ದನ್ನು, ಸತ್ತದ್ದು ಯಾರ ಕೈಯಲ್ಲಿ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಮೇಷ್ಟ್ರು ಮೈನಸ್ ಒತ್ತಿ ನೋಡಿದರು. ಈ ಸಲ ಅದು ಅವರಿಗೂ ಮರ್ಯಾದೆ ಕೊಡಲಿಲ್ಲ.

"ತ್ರಿಕೋನಮಿತಿಯ ಕಾಸ್ ಗುಂಡಿ ಒತ್ತಿ ನೂರ ಎಂಬತ್ತು ಅಂತ ಹೊಡೆದಿದ್ರೆ ಮೈನಸ್ ಒಂದು ಬರ್ತಿತ್ತು, ಗೊತ್ತಾ?"

"ಗೊತ್ತಿರ್ಲಿಲ್ಲ ಸರ್."

"ಗೊತ್ತಿಲ್ದೇ ಇದ್ದಿದ್ದೇ ಒಳ್ಳೇದಾಯ್ತು." ಅವರು ತೂಗಾಡತೊಡಗಿದರು. ಖುಷಿಯಾದಾಗಲೂ ಅನುಮಾನ ಬಂದಾಗಲೂ ತೂಗಾಡುವವರಾದ್ದರಿಂದ ಬುಗುರಿಗೆ ಯಾವುದೆಂದು ತಿಳಿಯಲಿಲ್ಲ. "ಅಜ್ಜಿ ಹೇಳಿದ್ದು ಅಜ್ಜಿಗೆ ಗೊತ್ತು. ನಿಂಗೆಷ್ಟು ಗೊತ್ತು ಅಂತ ನೋಡಣ. ಒಂದೇ ಪ್ರಶ್ನೆ. ಈ ಬೆಟ್ಟಕ್ಕೆ ಎರಡು ಕಾಲಿದೆ. ಚೆಂಡು ಎಸೆದದ್ದು ಯಾವ ಕಾಲಿನ ಹತ್ತಿರ? ಎಡಗಡೆಯೋ ಬಲಗಡೆಯೋ?"

ಬುಗುರಿ 'ಎಡಗಡೆ' ಎನ್ನಲು ಬಾಯಿ ತೆರೆದಳು. ಗ್ರಾಫೆಂದರೆ ಎಡದಿಂದ ಬಲಕ್ಕೆ ಓದುವುದು. ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. 'ಎ' ಎಂಬುದು ತುಟಿಯವರೆಗೆ ಬಂದು ನಿಂತಿತು. ಮೇಷ್ಟ್ರ ಮುಖದಲ್ಲಿ ಬಲೆ ಹಾಕಿ ಕೂತವರ ಒಂದು ಸೌಮ್ಯತೆ ಇತ್ತು. ಪಕ್ಕದ ಕೋಣೆಯ ಖಾಲಿ ಬೆಂಚು ಗೋಡೆ ತೂರಿ ಇಣುಕುತ್ತಿತ್ತು.

ಅವಳು ಕಣ್ಣು ಮುಚ್ಚಿದಳು. ಹದಿನೆಂಟು ಮೀಟರಿನ ನೀಲಿ ಬಟ್ಟೆಯನ್ನು ಮನಸ್ಸಿನಲ್ಲೇ ಎತ್ತಿ, ಅಜ್ಜಿಯ ಹಾಗೆ ಗಿರ್ರನೆ ತಿರುಗಿಸಿದಳು. ತಳ ಮೇಲೆ ಹೋಯಿತು, ಸರಿ. ಎಡಗಡೆಯ ಅಂಚು?

"ಬಲಗಡೆ ಸರ್!" ಎಂದು ಕಣ್ಣು ತೆರೆದಳು. "ತಿರುಗಿಸಿದ್ರೆ ಮೇಲಿನದು ಕೆಳಗೆ ಬರೋದೊಂದೇ ಅಲ್ಲ, ಎಡದ ಅಂಚು ಬಲಕ್ಕೆ ಬರತ್ತೆ. ಕೊಕ್ಕೆ ಮುಟ್ಟೋಕೆ ಎರಡು ಸೆಕೆಂಡು ಮೊದಲು ಅನ್ನೋದು ಈಗ ಬಲಗಡೆ ಇದೆ. ಇಲ್ಲಿ ಕಾಲ ಬಲದಿಂದ ಎಡಕ್ಕೆ ಓಡತ್ತೆ. ನೋಡಿ ಬೇಕಾದ್ರೆ!"

ಗೆರೆಯ ಮೇಲೆ ಚುಕ್ಕೆ ನಡೆಸುವ ಗುಂಡಿ ಒತ್ತಿದಳು. ಪುಟಾಣಿ ಕಪ್ಪು ಚುಕ್ಕೆಯೊಂದು ಬಲಗಡೆಯ ನೆಲದಿಂದ ಹೊರಟಿತು. ಮೊದಲು ದೊಡ್ಡ ದೊಡ್ಡ ಹೆಜ್ಜೆ, ಆಮೇಲೆ ಚಿಕ್ಕವು, ತುದಿಯ ಹತ್ತಿರ ಬರಿಯ ತೆವಳಾಟ. ದಾಟಿದ್ದೇ ಮತ್ತೆ ಹೆಜ್ಜೆ ದೊಡ್ಡದಾಗುತ್ತ, ಎಡಗಡೆಗೆ ಧುಮುಕಿ ನೆಲ ಸೇರಿತು. ಮೇಷ್ಟ್ರು ಇನ್ನೊಮ್ಮೆ ನಡೆಸು ಎಂದರು. ನಡೆಸಿದಳು. ಮತ್ತೊಮ್ಮೆ ಎಂದರು. ಐದು ಸಲವಾದ ಮೇಲೆ ಅವರೇ ಕೈಗೆ ತೆಗೆದುಕೊಂಡು ಆಡಿಸತೊಡಗಿದರು. ಹನ್ನೆರಡು ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಮೇಷ್ಟ್ರು ಹಾಜರಿ ಪುಸ್ತಕ ತೆಗೆದು, ಅವಳ ಹೆಸರಿನ ಮುಂದಿದ್ದ ಎರಡು ಕೆಂಪು ಗೀಟುಗಳನ್ನು ನೋಡಿದರು. ಪಕ್ಕದಲ್ಲಿ ಮೂರನೆಯದನ್ನು ಎಳೆಯಲಿಲ್ಲ. ಇದ್ದ ಎರಡರಲ್ಲಿ ಒಂದನ್ನು ರಬ್ಬರಿನಿಂದ ಉಜ್ಜಿದರು. ಶಾಯಿ ಹೋಗದೆ ಹಾಳೆಯೇ ತೂತಾಯಿತು.

"ಇದು ಗುಂಡಿ ವಿಷಯದಲ್ಲಿ ನಿನ್ನ ಮಾತು ನಂಬದೇ ಇದ್ದಿದ್ದಕ್ಕೆ," ಎಂದರು. "ಸೂರ್ಯನದು ಹಾಗೇ ಇರತ್ತೆ. ಸೋಮವಾರ ಬೆಳಿಗ್ಗೆ ನಿನ್ನ ಜಾಗದಲ್ಲಿ ಕೂತ್ಕೋ. ಆ ಹನ್ನೊಂದು ಜನಕ್ಕೆ ಇದನ್ನ ನೀನೇ ಹೇಳಿಕೊಡ್ತೀಯ."

ಬುಗುರಿ ಮೆಟ್ಟಿಲುಗಳನ್ನು ಇಳಿಯಲಿಲ್ಲ. ಮೂರನೆಯ ಮಹಡಿಯಿಂದ ಕೆಳಗಿನವರೆಗೆ ಅವಳ ಕಾಲು ನೆಲಕ್ಕೆ ತಾಗಿದ್ದು ಎರಡೇ ಕಡೆ. ಗೇಟಿನ ಹತ್ತಿರ ಅಪ್ಪ ವ್ಯಾನಿಗೆ ಒರಗಿ, ತಪ್ಪು ಮಾಡಿದ ಮಗುವಿನ ಹಾಗೆ ಉಗುರು ಕಚ್ಚುತ್ತಿದ್ದ. ಮಗಳ ಮುಖ ನೋಡಿದ್ದೇ ತಡ, ಅವನ ಎದೆ ಎರಡು ಗೇಣು ಉಬ್ಬಿತು.

"ಉಳ್ಕೊಂಡ್ಯಾ?"

"ಉಳ್ಕೊಂಡೆ! ಸೋಮವಾರ ಪಾಠ ನಂದೇ!"

"ನಾನು ಆ ಗುಂಡೀನ ಪೂರ್ತಿ ಕೆಡಿಸದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ? ಯೋಚನೆ ಮಾಡು. ಅರ್ಧಂಬರ್ಧ ಕೆಡಿಸೋರು ಬೇಕಾದಷ್ಟು ಜನ ಇದಾರೆ. ಪೂರ್ತಿ ಕೆಡಿಸಕ್ಕೆ ಅನುಭವ ಬೇಕು."

"ಇದನ್ನ ಅಜ್ಜಿ ಮುಂದೆ ಹೇಳ್ತೀಯಾ?"

ಅಪ್ಪ ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡ.

"ಅವಳ ಬಾಯಲ್ಲಿ ಸೂಜಿ ಇದ್ರೆ ಹೇಳ್ತೀನಿ," ಎಂದು ವ್ಯಾನ್ ಶುರು ಮಾಡಿದ.

ಮನೆಯ ತಿರುವು ಬಂದರೂ ಬುಗುರಿ ನಗುತ್ತಲೇ ಇದ್ದಳು. ಅಪ್ಪ ತಿರುವನ್ನು ಬಿಟ್ಟು ನೇರ ಹೋದ. ನಗು ಮುಗಿಯುವವರೆಗೆ ಊರಿಗೆ ಇನ್ನೊಂದು ಸುತ್ತು ಹಾಕೋಣವೆಂದು ಅವನಿಗೆ ಅನ್ನಿಸಿತು.